ಮನಿಯಾಕಿನ್ನ ಕರಕೊಂಡ ಬರ್ರಿ

ಬಂದೂಕಿನ ನಳಿಗೆಯೊಳಗೆ ಇಣುಕಿ ಇಣುಕಿ ಚಾಚಾರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಚಹಾ ಕುಡಿಯುವಾಗಲೂ ಹಾಗೆಯೇ. ಕೂಡ್ಲಿಗಿಯಲ್ಲಿ ನಮ್ಮ ಮನೆಯ ಪಕ್ಕದ ಅಂಗಡಿ ಅವರದು. ಪರವಾನಗಿ ಪಡೆದು ಬಂದೂಕು ರಿಪೇರಿ ಮಾಡುತ್ತಿದ್ದರು. ಹಂದಿ, ಕರಡಿ ಬೆದರಿಸಲೆಂದು ಗುಡೇಕೋಟೆ ಕಡೆಯ ರೈತರು ಇಟ್ಟುಕೊಂಡ, ಮದ್ದು ತುಂಬುವ ಹಳೆಯ ಬಂದೂಕುಗಳು.

ಅವರದೊಂದು ಕಟ್ಟಳೆ ಇತ್ತು. ರಿಪೇರಿಯಾದ ಬಂದೂಕು ಒಯ್ಯಲು ಗಂಡಸೊಬ್ಬನೇ ಬಂದರೆ ಕೊಡುತ್ತಿರಲಿಲ್ಲ. "ಲೈಸೆನ್ಸ್ ಸರ್ಕಾರ ನೋಡೈತಿ. ನಾ ಮನಿಯಾಕಿನ್ನ ನೋಡಬೇಕು, ಕರಕೊಂಡ ಬರ್ರಿ" ಎನ್ನುತ್ತಿದ್ದರು. ಹೆಂಡತಿ ಬಂದು "ಕೊಡ್ರಿ" ಎಂದರಷ್ಟೇ ಬಂದೂಕು ಕೈಗೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು ಇದನ್ನು ಕೇಳಿ ನಗುತ್ತಿದ್ದೆ.

ಒಮ್ಮೆ ನಮ್ಮ ದೊಡ್ಡಪ್ಪನ ಮಗ ಒಬ್ಬನೇ ಬಂದ. ಅತ್ತಿಗೆ ತವರಿಗೆ ಹೋಗಿದ್ದಳು.

"ಆಕಿ ಬಂದ ಮ್ಯಾಲೆ ಬರ್ರಿ. ಬಂದೂಕಿಗೇನು ಹಸಿವಾಗಂಗಿಲ್ಲ" ಎಂದರು ಚಾಚಾ.

ಅಣ್ಣ ನನ್ನನ್ನು ಕರೆದ. ಅವನ ಹೊಡೆತ ತಾಳಲಾರದೆ ಅತ್ತಿಗೆ ಹೋಗಿದ್ದಾಳೆಂದು ನನಗೆ ಗೊತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದುಕೊಂಡೆ. "ಕಾಗದ ಎಲ್ಲಾ ಸರಿ ಐತಿ ಚಾಚಾ, ಕೊಡ್ರಿ. ಕಾನೂನಿಗಿಂತ ನೀವು ದೊಡ್ಡೋರೇನು?" ಎಂದೆ.

ಆ ಅರ್ಧಗಣ್ಣಿನಿಂದ ನನ್ನನ್ನು ನೋಡಿದರು. "ಓದಿದೋರು ನೀವು. ನೀವು ಹೇಳಿದ್ರ ಆತು ಬಿಡ್ರಿ" ಎಂದು ಬಂದೂಕು ಎತ್ತಿ ಅಣ್ಣನ ಕೈಗೆ ಕೊಟ್ಟರು.

ಎಂಟು ದಿನಕ್ಕೆ ಅತ್ತಿಗೆಯ ಕಡೆಯವರನ್ನು ಕರೆಸಿ ಹಿರಿಯರು ರಾಜಿಗೆ ಕೂತರು. ನಾನೂ ಇದ್ದೆ. ಮಾತಿನ ನಡುವೆ ಎದ್ದುಹೋದ ಅಣ್ಣ ಬಂದೂಕು ಹಿಡಿದು ಬಂದು ಕೂತವರ ಮೇಲೆಯೇ ಹಾರಿಸಿದ. ಅತ್ತಿಗೆಯ ಅಪ್ಪ, ಸೋದರಮಾವ ಅಲ್ಲೇ ತೀರಿದರು. ಐದಾರು ಜನಕ್ಕೆ ಸಿಡಿದ ಸೀಸದ ಚರೆ ತಗುಲಿತು. ಅವನು ಎರಡನೆಯ ಸಲ ನಳಿಗೆಗೆ ಮದ್ದು ತುಂಬಿ ಗಜದ ಕೋಲಿನಿಂದ ಜಡಿಯುತ್ತಿದ್ದ. ಟಕ್, ಟಕ್, ಟಕ್. ಮೂರು ಮಾರು ದೂರದಲ್ಲಿದ್ದ ನನಗೆ ಏಳಲಾಗಲಿಲ್ಲ. ಕುರಿ ಕಾಯುವ ಮುದುಕರೊಬ್ಬರು ಕಂಬಳಿ ಎಸೆದು ಅವನನ್ನು ಕೆಡವಿದರು. ಈಗಲೂ ಯಾರಾದರೂ ಬಾಗಿಲು ತಟ್ಟಿದರೆ ಮೂರನೆಯ ಸದ್ದಿಗೆ ಮುನ್ನವೇ ಎದ್ದು ಹೋಗಿ ತೆರೆಯುತ್ತೇನೆ.

ಪೊಲೀಸರೆದುರು ಚಾಚಾ ನನ್ನ ಹೆಸರೆತ್ತಲಿಲ್ಲ. ಯಾಕೆಂದು ಕೇಳಿದೆ. "ಎತ್ತಿ ಕೊಟ್ಟಿದ್ದು ಈ ಕೈ ಅಲ್ಲೇನ್ರಿ" ಎಂದರು. ಮತ್ತೆ ಬಂದೂಕು ಮುಟ್ಟಲಿಲ್ಲ; ಔಷಧಿ ಹೊಡೆಯುವ ಪಂಪು, ಸ್ಟೌ ರಿಪೇರಿ ಮಾಡಿಕೊಂಡಿದ್ದು ಹೋದ ವರ್ಷ ತೀರಿಕೊಂಡರು.

ಹೋಟೆಲಿನಲ್ಲಿ ಮಾತು ಇನ್ನೂ ನಿಂತಿಲ್ಲ. "ಎಲ್ಲಾ ಬಂದೂಕು ಕಿತ್ಕೋಬೇಕು" ಎಂದು ಒಬ್ಬ, "ಹಂದಿ ಕಾಯಾಕ ನೀ ಬರ್ತೀ ಏನ್ಲೇ?" ಎಂದು ಇನ್ನೊಬ್ಬ. ಮೊನ್ನೆ ನನ್ನ ಕಡೆ ತಿರುಗಿದರು. "ಸರ, ಓದಿದೋರು ನೀವು. ಲೈಸೆನ್ಸ್ ಯಾರಿಗೆ ಕೊಡಬೇಕು, ನೀವ ಹೇಳ್ರಿ."

"ಅವರ ಮನಿಯಾಕಿನ್ನ ಕೇಳಿ ಕೊಡಬೇಕು" ಎಂದೆ.

ಎಲ್ಲರೂ ನಕ್ಕರು. ಹಿಂದೆ ನಾನು ನಗುತ್ತಿದ್ದ ಹಾಗೆಯೇ.