ಬೀದಿ ಮುಚ್ಚಲು ಪರ್ಮಿಷನ್

ಹರಟೆಗೆಂದು ಕುರ್ಚಿ ಹೊತ್ತು ಬೀದಿಗೆ ಇಳಿದಿದ್ದೆ. ಬಾಗಿಲಲ್ಲಿ ನಿಂತ ತಂಗಿ ಸುಲು ಕೂಗಿದಳು: “ಅಕ್ಕಾ, ಎಲ್ಲಿಗೆ ಹೊಂಟಿ? ಪೊಲೀಸರು ಬರ್ತಾರ! ಇದು ದೇವದುರ್ಗ ಅಲ್ಲ.”

ಇಂಗ್ಲೆಂಡಿನ ಈ ಊರಿಗೆ ಬಂದ ಮೊದಲ ವಾರ ಅದು. ನರ್ಸ್ ಆಗಿ ಬಂದು ಇಲ್ಲಿಯೇ ಒಂಟಿಯಾಗಿ ಉಳಿದ ಸುಲುಗೆ ಕ್ಯಾನ್ಸರ್. ರಾಯಚೂರಿನ ಮನೆಗೆ ಬೀಗ ಹಾಕಿ ಬಂದಿದ್ದೆ. ನನ್ನ ಕಾನ್ವೆಂಟ್ ಇಂಗ್ಲಿಷ್ ಕೇಳಲು ಇಲ್ಲಿ ಜನವೇ ಸಿಗಲಿಲ್ಲ. ಎಲ್ಲ ಬಾಗಿಲೂ ಕ್ಲೋಸ್ಡ್. ಸುಲುಗೆ ಪಕ್ಕದವರ ಕಾರಿನ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ.

“ಎಲ್ಲಾರೂ ಬೀದ್ಯಾಗ ಕೂತು ಉಣ್ಣೋದು ಒಮ್ಮೆ ನೋಡಬೇಕು, ಅಕ್ಕಾ,” ಎಂದಳು.

ಅದಕ್ಕಿಲ್ಲಿ ಸ್ಟ್ರೀಟ್ ಪಾರ್ಟಿ ಎನ್ನುತ್ತಾರೆ. ಮನೆಗೊಂದು ಅಡುಗೆ ತರಬೇಕು. ಆದರೆ ರಸ್ತೆ ಮುಚ್ಚಲು ಕೌನ್ಸಿಲ್, ಅಂದರೆ ನಗರಸಭೆ, ಪರ್ಮಿಷನ್ ಕೊಡಬೇಕು. ವಾರಗಟ್ಟಲೆ ಮೊದಲೇ ಕೇಳಬೇಕು. ನಮ್ಮ ತವರು ದೇವದುರ್ಗದಲ್ಲಿ ನನ್ನ ಮದುವೆಗೆ ಅಪ್ಪ ರಸ್ತೆಗೇ ಗೂಟ ಹೊಡೆದು ಶಾಮಿಯಾನ ಹಾಕಿಸಿದ್ದರು. “ಯಾರ್ದಲೇ ಈ ಗೂಟ?” ಎಂದು ಬಸ್ ಡ್ರೈವರ್ ಬೈದ. “ನಂದೇ ಯಪ್ಪಾ, ಇಳೀರಿ, ಉಂಡು ಹೋಗ್ರಿ,” ಎಂದರು ಅಪ್ಪ. ಪ್ಯಾಸೆಂಜರ್‌ಗಳೂ ಉಂಡರು!

ಇಲ್ಲಿ ನೆರೆಯವರ ಒಪ್ಪಿಗೆಗೆ ಮನೆಮನೆಯ ಮೆಟ್ಟಿಲು ಹತ್ತಿದೆ. ಎದುರುಮನೆಯ ಮುದುಕರು, ಜಾರ್ಜ್, ಮುಖ ಗಂಟಿಕ್ಕಿದರು. “ಹಾಡು ಜೋರಾಗಿ ಹಾಕುತ್ತೀರಾ?”

“ನೀವೇ ಬಂದು ಮೆಲ್ಲಗೆ ಹಾಡಿ,” ಎಂದೆ. ಒಪ್ಪಿದರು.

ಕೌನ್ಸಿಲ್ ದಿನ ಕೊಟ್ಟಿತು. ನಾನು ತಂದಿದ್ದ ಕನ್ನಡ ಕ್ಯಾಲೆಂಡರ್ ನೋಡಿ ಸುಲು ತಲೆ ಅಲ್ಲಾಡಿಸಿದಳು. “ಅಮಾಸಿ ಅದ. ಬ್ಯಾಡ.”

“ಇಷ್ಟು ವರ್ಷ ಬ್ರೆಡ್ ತಿಂದಾಕಿಗೆ ಎಲ್ಲಿ ಅಮಾಸಿ ಬೇ?”

ಅವಳು ನಗಲಿಲ್ಲ. ದಿನ ಬದಲಿಸಲು ಮತ್ತೆ ಅರ್ಜಿ, ಮತ್ತೆ ವಾರಗಳು.

ಹೊಸ ದಿನದ ಹಿಂದಿನ ದಿನ ಬೆಳಿಗ್ಗೆ ಸುಲು ಆಸ್ಪತ್ರೆಯಲ್ಲಿ ತೀರಿಹೋದಳು.

ಜಾರ್ಜ್ ಬಂದು, “ಕ್ಯಾನ್ಸಲ್ ಮಾಡೋಣವೇ?” ಎಂದರು. ಬೇಡವೆಂದೆ. ಅವಳ ದೇಹ ಆಸ್ಪತ್ರೆಯಲ್ಲೇ ಇತ್ತು. ಇಲ್ಲಿ ಮಣ್ಣು ಮಾಡಲೂ ದಿನ ಸಿಗುವವರೆಗೆ ಕಾಯಬೇಕು.

ಮರುದಿನ ಬೀದಿ ಮುಚ್ಚಿತು. ಸಾವಾದ ಮನೆಯಲ್ಲಿ ನಮ್ಮ ಕಡೆ ಒಲೆ ಹಚ್ಚುವುದಿಲ್ಲ, ನೆರೆಯವರೇ ಬುತ್ತಿ ತರುತ್ತಾರೆ. ಇವರಿಗೆ ಅದೇನು ಗೊತ್ತು? ಪಾರ್ಟಿಯ ರೂಲ್ ಪ್ರಕಾರ ಅಡುಗೆ ತಂದರು. ಮುಚ್ಚಿದ ತಟ್ಟೆ ಹಿಡಿದು ಒಬ್ಬೊಬ್ಬರೇ ಎದುರು ಬಂದು ನಿಂತಾಗ ನಾನು ರಾಯಚೂರಿನಲ್ಲೇ ಕೂತು ಅತ್ತಂತಿತ್ತು. ಎಲ್ಲರೂ ಅವಳ ಹೆಸರು ಕೇಳಿದರು. ಉಚ್ಚರಿಸಿ ನೋಡಿದರು. ಅವಳಿಗೆ ಮಾತ್ರ ಕೇಳಲಿಲ್ಲ.

ಮಣ್ಣಾದ ಮೇಲೆ ಮಾನ್ವಿಯಿಂದ ಅಣ್ಣನ ಮಗಳು ಫೋನ್ ಮಾಡಿದಳು. “ಅತ್ತೀ, ಇನ್ನ ಅಲ್ಲಿ ಯಾರ ಸಲುವಾಗಿ ಇರ್ತೀರಿ? ಬಂದುಬಿಡ್ರಿ.”

“ಬರ್ತೀನವ್ವಾ. ಮಂದಿ ತಾಟು ಮನ್ಯಾಗ ಅದಾವ. ಖಾಲಿ ಹ್ಯಾಂಗ ಕೊಡ್ಲಿ?”

ಹೋಳಿಗೆ ತುಂಬಿ ಒಂದೊಂದೇ ತಟ್ಟೆ ಹಿಂದಿರುಗಿಸಿದೆ. ಜಾರ್ಜ್ ಅವರದೊಂದು ಉಳಿದಿದೆ. ತೊಳೆದಿಟ್ಟು ಬಹಳ ದಿನವಾಯಿತು, ಇನ್ನೂ ಕೊಟ್ಟಿಲ್ಲ.