ಹಬೆಯ ಮೇಲೆ ಹೊರಿಸಿದ ತಪ್ಪು

ಪಕ್ಕದ ಮನೆಯ ರೀಲರ್ ಮಾವನ ಬೆರಳುಗಳ ತುದಿ ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಬಾಳೆಕಾಯಿಯಷ್ಟು ದಪ್ಪದ ಆ ಬೆರಳುಗಳು ರೇಷ್ಮೆಗೂಡು ಬೇಯುವ ಬಿಸಿನೀರಿಗಿಳಿದು, ಕೂದಲಿಗಿಂತ ಸಣ್ಣ ಎಳೆಯ ತುದಿ ಹಿಡಿದು ಮೇಲೆತ್ತುವುದನ್ನು ನೋಡಲೆಂದೇ ಚಿಕ್ಕವಳಿದ್ದಾಗ ನಾನು ಅವರ ನೂಲು ಬಿಚ್ಚುವ ಶೆಡ್ಡಿಗೆ ಓಡುತ್ತಿದ್ದೆ.

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಅವರಷ್ಟು ದಪ್ಪನೆಯ ಮನುಷ್ಯ ಇನ್ನೊಬ್ಬರಿರಲಿಲ್ಲ. ಡಿಗ್ರಿ ಪರೀಕ್ಷೆಯ ದಿನ ನನಗೆ ಬಸ್ಸು ತಪ್ಪಿದಾಗ ಚಿಕ್ಕಬಳ್ಳಾಪುರದವರೆಗೆ ಸ್ಕೂಟರಿನಲ್ಲಿ ಬಿಟ್ಟುಬಂದವರು ಅವರೇ. ಅವರ ಹಿಂದೆ ಕೂತರೆ ರಸ್ತೆ ಕಾಣುತ್ತಿರಲಿಲ್ಲ, ಗಾಳಿಯೂ ತಾಕುತ್ತಿರಲಿಲ್ಲ. "ಓದ್ಕೊಳ್ಳಮ್ಮ, ಗೋಡೆ ಥರ ನಾನಿದ್ದೀನಲ್ಲ" ಎಂದಿದ್ದರು. ಅವರ ಬೆನ್ನಿಗೇ ನೋಟ್ಸ್ ಆನಿಸಿಕೊಂಡು ಓದಿದ್ದೆ.

ತೂಕ ಇಳಿಸಿ ಎಂದು ಅತ್ತೆ ಪೀಡಿಸಿದಾಗಲೆಲ್ಲ ಮಾವ ಗೂಡು ತೂಗುವ ತಕ್ಕಡಿ ಹತ್ತಿ ನಿಲ್ಲುವರು. "ಗೂಡು ತೂಗುವಾಗ ಬುಟ್ಟಿ ತೂಕ ಕಳೀತಾರೋ ಇಲ್ವೋ? ನನ್ನ ಲುಂಗಿ, ಚಪ್ಪಲಿ, ಬೆಳಿಗ್ಗೆ ತಿಂದ ಮುದ್ದೆ ಎಲ್ಲಾ ಕಳಿ."

"ನಾಲಿಗೇನೂ ಕಳೆದ್ಬಿಡ್ಲಾ? ಅರ್ಧ ಭಾರ ಅದೇ" ಎನ್ನುವರು ಅತ್ತೆ.

ಹೋದ ವರ್ಷ ಅವರ ರಕ್ತಪರೀಕ್ಷೆಯ ರಿಪೋರ್ಟನ್ನು ಓದಿ ಹೇಳಿದ್ದು ನಾನೇ. ಸಕ್ಕರೆ ಹೆಚ್ಚು, ಕೊಲೆಸ್ಟ್ರಾಲ್ ಹೆಚ್ಚು, ಬಿಪಿ ಮೊದಲೇ ಇತ್ತು. ಡಾಕ್ಟರು ಹೊಟ್ಟೆಯ ಸುತ್ತ ಟೇಪು ಹಿಡಿದು, ಇಲ್ಲಿ ಕೂತಿರುವ ಬೊಜ್ಜು ಹೃದಯಕ್ಕೆ ಕೆಟ್ಟದ್ದು, ಗೊರಕೆಯ ನಡುವೆ ಉಸಿರು ನಿಲ್ಲುವುದೂ ಒಳ್ಳೆಯದಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎದೆ ಹಿಡ್ಕೊಂಡ್ರೆ ಒಂದು ನಿಮಿಷಾನೂ ಕಾಯ್ಬೇಡಿ" ಎಂದರು. ಮಾವ ಮುದ್ದೆ ಅರ್ಧ ಮಾಡಿದರು, ಬೆಳಿಗ್ಗೆ ನಡೆದರು. ಮಾತ್ರೆ ಮಾತ್ರ ನೆನಪಾದ ದಿನವಷ್ಟೇ ನುಂಗುತ್ತಿದ್ದರು.

ನಮ್ಮೂರ ರೀಲರುಗಳಿಗೆ ಉಸಿರು ಕಟ್ಟಿದರೆ ಯಾರೂ ಗಾಬರಿಯಾಗುವುದಿಲ್ಲ. ಬೇಯುವ ಗೂಡಿನ ಹಬೆ ಎಲ್ಲರ ಎದೆಯನ್ನೂ ಹಿಡಿಯುತ್ತದೆ. ಹೊರಗೆ ಬಂದು ಗಾಳಿಗೆ ಕೂರುತ್ತಾರೆ, ಸರಿಹೋಗುತ್ತದೆ. ಆ ಬೆಳಿಗ್ಗೆ ಮಾವನೂ ಹೊರಗೆ ಬಂದು ಜಗಲಿಯ ಮೇಲೆ ಕೂತರು. ಅತ್ತೆ ಜಂಗಮಕೋಟೆಯ ತವರಿಗೆ ಹೋಗಿದ್ದರು. ಮಾವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಎಡಭುಜ ಉಜ್ಜಿಕೊಳ್ಳುತ್ತಿದ್ದರು.

"ಆಸ್ಪತ್ರೆಗೆ ಹೋಗಣ ಮಾವ?"

"ಏಮೀ ಲೇದಮ್ಮಾ, ಏನೂ ಇಲ್ಲ. ಹಬೆ ಕಣೇ. ಒಂದು ಸೋಡಾ ತಂದ್ಕೊಡು."

ತಂದುಕೊಟ್ಟೆ. ಪಕ್ಕದಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿದೆ. ಡಾಕ್ಟರ ಮಾತು ನೆನಪಿರಲಿಲ್ಲವೇ? ಇತ್ತು. ಆದರೂ ಹುಟ್ಟಿದಾಗಿನಿಂದ ಕೇಳಿದ ಹಬೆಯ ಮಾತನ್ನೇ ನಂಬಿದೆ. ಹೀಗೆ ಒಂದು ಗಂಟೆ ಕಳೆಯಿತು. ಅವರ ತುಟಿ ಬಿಳಿಚಿದಾಗಲೇ ನಾನು ಆಟೋಗೆ ಓಡಿದ್ದು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬರೆದುಕೊಂಡು ಒಳಗೆ ಹೋದರು. ಸಂಜೆ ಅತ್ತೆ ಬಂದು ಮಂಚದ ಬಳಿ ನಿಂತು, "ಯಾವಾಗ ಶುರುವಾಯ್ತು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವನ ದನಿ ಬಂತು.

"ಶುರುವಾಗ್ತಿದ್ದಂಗೇ ಎಳ್ಕೊಂಡು ಬಂದ್ಲು ಕಣೇ. ಇವಳಿಲ್ದಿದ್ರೆ ಜಗಲಿ ಮೇಲೇ ಹೋಗಿರ್ತಿದ್ದೆ."

ಹೇಳಿ ನನ್ನನ್ನೇ ನೋಡಿದರು, ಸುಮ್ಮನಿರು ಎನ್ನುವಂತೆ. ಮೂರನೆಯ ದಿನ ತೀರಿಕೊಂಡರು.

ಈಗಲೂ ಸೋಡಾ ಬಾಟಲಿ ತೆರೆವ ಸದ್ದಿಗೆ ಬೆಚ್ಚುತ್ತೇನೆ. ಆ ಜಗಲಿಯಿಂದ ಆಟೋಸ್ಟ್ಯಾಂಡಿಗೆ ಎಷ್ಟು ಹೆಜ್ಜೆ ಎಂದು ಮತ್ತೆ ಮತ್ತೆ ನಡೆದು ನೋಡಿದ್ದೇನೆ. ಅತ್ತೆ ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮೋರಿಗೆ ಮೂರು ದಿನ ಕೊಟ್ಟೋಳು ಇವಳೇ" ಎನ್ನುತ್ತಾರೆ, ತಲೆ ಸವರುತ್ತಾರೆ. ಉಸಿರಿಗೂ ಕಷ್ಟವಿದ್ದ ಹೊತ್ತಲ್ಲಿ ಮಾವ ನನಗಾಗಿ ಆಡಿದ ಸುಳ್ಳು ಅದು. ಇಷ್ಟು ದಿನ ಅದರ ಹಿಂದೆ ಅಡಗಿ ಕೂತಿದ್ದೇನೆ.

ನಾಳೆ ಅತ್ತೆಯ ಎದುರು ಕೂತು ಆ ಒಂದು ಗಂಟೆಯನ್ನು ಹೇಳಿಬಿಡುತ್ತೇನೆ. ಮಾವ ಇದ್ದಿದ್ದರೆ ಬಯ್ಯುತ್ತಿದ್ದರು. ಬಯ್ಯಲಿ.