ಸುಣ್ಣದ ಚೀಲ ಕಲಿಸಿದ ಸರ್ವ್

ಎಂಬತ್ತರ ದಶಕದ ಕೊನೆಯಲ್ಲಿ ವಡಾಲದ ನಮ್ಮ ಕಾಲೊನಿಯಲ್ಲಿ ಒಂದು ಮಣ್ಣಿನ ಟೆನಿಸ್ ಕೋರ್ಟ್ ಇತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ಆಡುವುದೊಂದೇ ನನಗಿದ್ದ ಚಟ. ನಲವತ್ತು ದಾಟಿದ ಮೇಲೆ, ಸರ್ವ್ ಮಾಡಿದಾಗಲೆಲ್ಲ ಬಲಭುಜದಲ್ಲಿ ಚಳಕು ಹೊಡೆಯತೊಡಗಿತು. ಸೋಮವಾರ ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆ ಹಿಡಿಯಲು ಕೈ ಏಳುತ್ತಿರಲಿಲ್ಲ. ಇದು ಹೃದಯದ್ದೇ ಎಂದು ನಾನು ತೀರ್ಮಾನಿಸಿಬಿಟ್ಟೆ.

"ಹೃದಯ ಎಡಗಡೆ ಇರೋದು ಕಣ್ರೀ," ಎಂದಳು ಹೆಂಡತಿ, ಹುರುಳಿಕಾಯಿಯ ನಾರು ತೆಗೆಯುತ್ತಾ.

ಡಾಕ್ಟರೂ ಹೃದಯದ ತಪ್ಪಿಲ್ಲವೆಂದು ಅದನ್ನು ಬಿಟ್ಟರು, ಭುಜವನ್ನು ಮಾತ್ರ ಬಿಡಲಿಲ್ಲ. ಒಂದು ತಿಂಗಳಲ್ಲಿ ನೋವು ಹೋಗದಿದ್ದರೆ ಟೆನಿಸ್ ಬಂದ್ ಎಂದರು. ಇಷ್ಟು ವರ್ಷ ಸುಮ್ಮನಿದ್ದ ಭುಜ ಈಗೇಕೆ ಮುನಿಯಿತು? ಅದು ತಿಳಿಯದೆ ಆಟ ಬಿಡಲು ಮನಸ್ಸಾಗಲಿಲ್ಲ. ಆಫೀಸಿಗೆ ಹೊರಡುವ ಮುಂಚೆ ಒಬ್ಬನೇ ಹೋಗಿ ಮೆಲ್ಲಗೆ ಸರ್ವ್ ಮಾಡಿ ನೋಡತೊಡಗಿದೆ.

ಕೋರ್ಟ್ ನೋಡಿಕೊಳ್ಳುತ್ತಿದ್ದವನು ವಿಜಾಪುರದ ಕಡೆಯವನು. ಹಿಂದೆ ಬಂದರಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದನಂತೆ. ಈಗ ನೀರು ಹೊಡೆದು, ಸುಣ್ಣದ ಗೆರೆ ಎಳೆಯುತ್ತಿದ್ದ. ರಾಕೆಟ್ ಮುಟ್ಟಿದವನಲ್ಲ.

"ಸಾಹೇಬ್ರ, ಕಾಲಿಗೆ ರಜಾ ಕೊಟ್ಟೀರೇನು?" ಎಂದ ಒಂದು ದಿನ.

"ಅಂದ್ರೆ?"

"ಬರೇ ಕೈಲೆ ಬಡೀಲಿಕ್ಕತ್ತೀರಿ. ಇಲ್ನೋಡ್ರಿ."

ಸುಣ್ಣದ ಚೀಲದ ಪಕ್ಕ ಮೊಣಕಾಲು ಮಡಚಿ ಕೂತ. ಚೀಲವನ್ನು ಭುಜಕ್ಕೆ ಒರಗಿಸಿಕೊಂಡು ಎದ್ದ. ಚೀಲ ತಾನೇ ಎದ್ದಂತೆ ಕಂಡಿತು.

"ಎತ್ತೋವು ಕಾಲ್ರೀ. ಭುಜ ಬರೇ ದಾರಿ. ಭುಜದ್ಲೆ ಎತ್ತಿದವ್ರು ವರ್ಷದಾಗ ಮೂಲಿಗೆ ಕುಂತ್ರು."

ಚೀಲಕ್ಕಾದದ್ದು ಚೆಂಡಿಗಾಗದೇ? ಪಕ್ಕಕ್ಕೆ ತಿರುಗಿ ನಿಂತೆ. ಚೆಂಡು ಮೇಲೆ ಹೋಗುವಾಗ ಎರಡೂ ಮೊಣಕಾಲು ಮಡಚಿದೆ. ಎಡಭುಜ ಮೇಲೆ, ರಾಕೆಟ್ ಹಿಡಿದ ಭುಜ ಕೆಳಗೆ. ನೆಲವನ್ನು ಒದ್ದು ಏಳುವಾಗ ಭುಜಗಳೆರಡೂ ಜಾಗ ಬದಲಿಸಿಕೊಂಡವು, ಕೈ ಕೊನೆಗೆ ಅವುಗಳ ಹಿಂದೆಯೇ ಬಂತು. ಚೆಂಡು ಬೇಲಿ ಹಾರಿತು.

"ಹೋತು, ಕುರ್ಲಾಕ್ಕ ಹೋತು!" ಎಂದು ಅವನು ಕುಣಿದಾಡಿದ.

ನನಗೆ ಚೆಂಡಿನ ಚಿಂತೆ ಇರಲಿಲ್ಲ. ಭುಜ ಮಾತೇ ಆಡಿರಲಿಲ್ಲ!

ಆಮೇಲೆ ಎಲ್ಲೆಂದರಲ್ಲಿ ಅದೇ ಪ್ರಯೋಗ. ಪ್ಲಾಟ್‌ಫಾರ್ಮಿನಲ್ಲಿ ಛತ್ರಿ ಹಿಡಿದು ಮೆಲ್ಲಗೆ ಮೊಣಕಾಲು ಮಡಚಿದಾಗ ಪಕ್ಕದವನೊಬ್ಬ ರಟ್ಟೆ ಹಿಡಿದ: "ಕ್ಯಾ ಹುವಾ ಭಾಯಿಸಾಬ್, ಚಕ್ಕರ್ ಆಯಾ?" ಸರ್ವ್ ಎನ್ನಲು ನಾಚಿಕೆಯಾಗಿ, ಹೌದು, ತಲೆ ಸುತ್ತಿತು ಎಂದು ಹೇಳಿ ಬೆಂಚಿನ ಮೇಲೆ ಕೂತೆ. ಆ ಲೋಕಲ್ ತಪ್ಪಿತು.

ಡಾಕ್ಟರು ಕೊಟ್ಟ ತಿಂಗಳ ಕೊನೆಯ ಭಾನುವಾರ ಡಬಲ್ಸ್‌ನಲ್ಲಿ ಎರಡು ಸೆಟ್ ಪೂರ್ತಿ ಆಡಿದೆ. ಸೋತೆವು, ಅದು ಬೇರೆ ಮಾತು. ಸೋಮವಾರ ಲೋಕಲ್‌ನಲ್ಲಿ ಹೆದರುತ್ತಲೇ ಬಲಗೈ ಎತ್ತಿದೆ. ಹಿಡಿಕೆ ಸಿಕ್ಕಿತು. ಮಸ್ಜಿದ್ ಸ್ಟೇಷನ್ ದಾಟುವವರೆಗೂ ನೋವಿಗಾಗಿ ಕಾದೆ, ಬರಲಿಲ್ಲ.

ಇಳಿದು ಮೆಟ್ಟಿಲು ಹತ್ತುವಾಗ ಮಾತ್ರ ತೊಡೆಗಳೆರಡೂ ಹಿಡಿದುಕೊಂಡವು. ಸಂಜೆ ತೊಡೆ ತೋರಿಸಿ ಹೆಂಡತಿಯನ್ನು ಕೇಳಿದೆ, "ಇದು ಯಾಕಿರಬಹುದು?"

"ಹೃದಯ ಅಲ್ಲಿಗೆ ಇಳಿದಿರಬೇಕು," ಎಂದಳು. "ಮುಂದಿನ ಭಾನುವಾರ ಇನ್ನೂ ಸ್ವಲ್ಪ ಕುಣೀರಿ, ಪಾದಕ್ಕೆ ಬರುತ್ತೆ."